ಕೌದಿಯೊಳಗಿನ ಎರಡು ವರ್ಷ

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಯಾರ ಮಾತನ್ನೂ ಸುಲಭಕ್ಕೆ ನಂಬದವರು ಇಬ್ಬರಿದ್ದರು. ಒಬ್ಬಳು ಧಾರವಾಡದಿಂದ ಬಂದಿದ್ದ ನನ್ನ ಅಜ್ಜಿ, ಇನ್ನೊಬ್ಬ ನಾನು. ಅಜ್ಜಿಗೆ ಇಲ್ಲಿನ ಹಾಲಿನ ಮೇಲೆ ಅನುಮಾನ. ವಾರವಾದರೂ ಕೆಡದ್ದು ಹಾಲೇ ಅಲ್ಲ ಎನ್ನುತ್ತಿದ್ದಳು. ಬಟ್ಟೆ ಒಣಗಿಸುವ ಮೆಷೀನಿನ ಮೇಲೂ ಅನುಮಾನ. ಜೋಡಿ ಕಾಲುಚೀಲದಲ್ಲಿ ಒಂದನ್ನು ಅದು ನುಂಗಿಬಿಡುತ್ತದೆ ಎಂದು ಅದರ ಮುಂದೆ ಕಾವಲು ಕೂರುತ್ತಿದ್ದಳು. ನನಗಾದರೋ ಪಕ್ಕದ ಮನೆಯ ಮುದುಕರ ಮೇಲೆ ಅನುಮಾನ.

ನಾವಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಸರಟೋಗಾದ ಅಂಚಿನಲ್ಲಿ. ಈಗ ನೀವು ಕಾರಿನಲ್ಲಿ ಕೂತು ಸಿಗ್ನಲ್ಲು ಕಾಯುವ ಜಾಗದಲ್ಲೆಲ್ಲ ಆಗ ಏಪ್ರಿಕಾಟ್ ತೋಟಗಳಿದ್ದವು. ಬೇಸಿಗೆ ಬಂತೆಂದರೆ ಹಣ್ಣು ಸೀಳಿ, ಬೀಜ ತೆಗೆದು, ಅಗಲವಾದ ಮರದ ತಟ್ಟೆಗಳಲ್ಲಿ ಬಿಸಿಲಿಗೆ ಹರಡುತ್ತಿದ್ದರು. ಇಡೀ ಬೀದಿಗೆ ಹಣ್ಣಿನ ಸಿಹಿ ವಾಸನೆ, ಅದರ ಬೆನ್ನಿಗೇ, ಹಣ್ಣಿನ ಬಣ್ಣ ಕೆಡದಿರಲೆಂದು ಹಾಕುವ, ಗಂಟಲು ಕೆರೆಯುವ ಗಂಧಕದ ಹೊಗೆ. ಸಂಜೆ ಹೊತ್ತಿಗೆ ನನ್ನ ಕೈ, ಅಂಗಿ, ಕೂದಲು ಎಲ್ಲ ಅಂಟಂಟು.

ಪಕ್ಕದ ಮನೆಯವರಿಗೆ ಅಜ್ಜಿ ಮುತ್ಯಾ ಎಂದು ಹೆಸರಿಟ್ಟಿದ್ದಳು. ಧಾರವಾಡದ ಕಡೆ ತೀರ ಹಳಬರನ್ನು ಹಾಗೆ ಕರೆಯುತ್ತಾರೆ. ಮುತ್ಯಾ ಹರೆಯದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡಿದವರಂತೆ. ದಾಂಡು ಹಿಡಿದವನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದರಂತೆ. ಆಡಿದ್ದು ಒಂದೇ ಒಂದು ಸೀಸನ್. ಆದರೂ ಇನ್ನೂ ಬದುಕಿರುವ ಹಳೆಯ ಆಟಗಾರರಲ್ಲಿ ವಯಸ್ಸಿನ ಲೆಕ್ಕಕ್ಕೆ ತಾವು ಇಡೀ ದೇಶಕ್ಕೇ ಎರಡನೆಯವರು ಎಂದು ಅವರು ಹೇಳುತ್ತಿದ್ದರು. ನಾನು ಲೈಬ್ರರಿಗೆ ಹೋಗಿ ಆಟಗಾರರ ದಪ್ಪ ಪುಸ್ತಕ ತೆಗೆದು ನೋಡಿದೆ. ಹೆಸರಿತ್ತು, ಪುಸ್ತಕದ ಪ್ರಕಾರ ಅವರಿಗೆ ತೊಂಬತ್ತೆರಡು. ಆದರೆ ಆ ಹೆಸರಿನವರು ಈ ದೇಶದಲ್ಲಿ ಎಷ್ಟು ಮಂದಿಯೋ! ಅಷ್ಟು ವಯಸ್ಸಾದವರು ಏಣಿ ಹತ್ತಿ ಹಣ್ಣು ಕೀಳುತ್ತಾರೆಯೇ? ಮೇಲಾಗಿ ಪ್ರತಿ ಭಾನುವಾರ ಬೆಳಿಗ್ಗೆ ಅವರ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಮುತ್ಯಾ ಅದನ್ನೆತ್ತಿ ಯಾರನ್ನೋ 'ಇನ್ನೂ ಇದ್ದೀಯಾ?' ಎಂದು ಕೇಳಿ, ನಗುತ್ತ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಬೇಲಿಗೆ ಕಿವಿಗೊಟ್ಟು ನಿಂತರೂ ಮುಂದಿನದು ಕೇಳಿಸುತ್ತಿರಲಿಲ್ಲ.

ಅಜ್ಜಿ ಅಷ್ಟು ದೂರದಿಂದ ಬಂದದ್ದು ನನ್ನ ತಂಗಿಗಾಗಿ. ತಂಗಿ ಅವಸರಪಟ್ಟು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದಳು. ನನಗೂ ಅವಳಿಗೂ ನಡುವೆ ಹುಟ್ಟಿದ್ದ ತಮ್ಮ ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ತಂಗಿ ಅಳು ನಿಲ್ಲಿಸಿದರೆ ಸಾಕು, ಅಮ್ಮ ಓಡಿಹೋಗಿ ಅವಳ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದಳು. ನನಗೂ ಹೆದರಿಕೆಯಾಗುತ್ತಿತ್ತು.

ಅಜ್ಜಿ ತಂಗಿಗೆಂದು ಕೌದಿ ಹೊಲಿಯತೊಡಗಿದ್ದಳು. ಹಳೆ ಸೀರೆ, ಹಳೆ ಧೋತರದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿಯುವ ಹೊದಿಕೆ ಅದು. ನಮ್ಮ ಮನೆಯ ಪದ್ಧತಿಯಲ್ಲಿ ಎಳೆಗೂಸಿನ ಕೌದಿಯೊಳಗೆ ಬಹಳ ವರ್ಷ ಬದುಕಿದವರು ತೊಟ್ಟ ಬಟ್ಟೆಯ ತುಂಡೊಂದು ಇರಲೇಬೇಕು, ಅವರ ಆಯುಷ್ಯ ಕೂಸಿಗೂ ಬರಲಿ ಎಂದು. ಅವರು ಅದನ್ನು ತಮ್ಮ ಕೈಯಾರೆ ಕೊಡಬೇಕು, ತಮ್ಮ ವಯಸ್ಸನ್ನು ಬಾಯಿಬಿಟ್ಟು ಹೇಳಬೇಕು, ಹೇಳಿದ್ದು ನಿಜವಾಗಿರಬೇಕು. ಊರಿನಲ್ಲಾದರೆ ಅಂಥ ಹಿರಿಯರು ಓಣಿಗೊಬ್ಬರು ಸಿಗುತ್ತಿದ್ದರು. ಇಲ್ಲಿ ನಮ್ಮ ಮನೆಗೆ ಬರುತ್ತಿದ್ದ ಕನ್ನಡದವರೆಲ್ಲ ಹರೆಯದ ಇಂಜಿನಿಯರುಗಳು, ಡಾಕ್ಟರುಗಳು. ಉಳಿದವರು ಮುತ್ಯಾ ಒಬ್ಬರೇ.

ಆ ಭಾನುವಾರ ಮಧ್ಯಾಹ್ನ ಅಜ್ಜಿ ಒಂದು ಕೈಯಲ್ಲಿ ಹಚ್ಚಿದ ಅವಲಕ್ಕಿಯ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೊರಟಳು. ಅವಳಿಗೆ ಇಂಗ್ಲಿಷು ಬಾರದು, ಮುತ್ಯಾಗೆ ಕನ್ನಡ ಬಾರದು, ನಡುವೆ ನಾನು. ಮುತ್ಯಾ ಮರದ ನೆರಳಲ್ಲಿ ಕೂತು ಹಣ್ಣು ಸೀಳುತ್ತಿದ್ದರು. ಅವರ ಬಲಗೈ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಚಿಕೊಂಡಿದ್ದವು. ಚೆಂಡು ಬಡಿದು ಬಡಿದು ಹಾಗಾದದ್ದು ಎಂದರು. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡರೂ ಬೆರಳು ಹಾಗೇ ಆಗುತ್ತದೆ ಎಂದು ಅಜ್ಜಿ ಗೊಣಗಿದಳು. ಅದನ್ನು ನಾನು ಇಂಗ್ಲಿಷಿಗೆ ದಾಟಿಸಲಿಲ್ಲ.

ವಯಸ್ಸು ಪರೀಕ್ಷಿಸುವ ರೀತಿ ಅಜ್ಜಿಯ ಊರಿನಲ್ಲಿ ಬೇರೆಯೇ. ಎಷ್ಟು ವರ್ಷ ಎಂದು ಕೇಳಿದರೆ ಯಾರು ಏನು ಬೇಕಾದರೂ ಹೇಳಬಹುದು. ಅದಕ್ಕೇ ಅಲ್ಲಿ, ಪ್ಲೇಗು ಬಂದಾಗ ತೊಟ್ಟಿಲಲ್ಲಿದ್ದೆಯೋ, ನಡೆದಾಡುತ್ತಿದ್ದೆಯೋ ಎಂದು ಕೇಳುತ್ತಾರೆ. ಈ ಕಡೆ ಎಲ್ಲರಿಗೂ ನೆನಪಿರುವಂಥ ದೊಡ್ಡ ಆಪತ್ತು ಯಾವುದು ಎಂದು ಅಜ್ಜಿ ನನ್ನನ್ನೇ ಕೇಳಿದಳು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಭೂಕಂಪದ ಹೆಸರು ಹೇಳಿದೆ. ಹಾಗಾದರೆ ಆವತ್ತು ಇವರು ಎಷ್ಟು ದೊಡ್ಡವರಿದ್ದರು ಎಂದು ಕೇಳು ಅಂದಳು.

ಮುತ್ಯಾನ ಚಾಕು ನಿಂತಿತು. ಆ ವಾರ ತಮಗೆ ಇಪ್ಪತ್ತೆಂಟು ತುಂಬಿತ್ತು ಎಂದರು. ಅವರ ತಾಯಿ ಮಾಡಿಟ್ಟಿದ್ದ ಕೇಕು ಕಪಾಟಿನ ಸಮೇತ ನೆಲಕ್ಕೆ ಬಿತ್ತಂತೆ. ಗುಡ್ಡದ ಮೇಲೆ ಕೂತು, ಕೆಳಗೆ ಊರು ಹೊತ್ತಿ ಉರಿಯುವುದನ್ನು ನೋಡುತ್ತ, ಮಣ್ಣು ಕೊಡವಿ ಅದನ್ನೇ ತಿಂದರಂತೆ. ನನ್ನ ಗಮನ ಅಲ್ಲಿರಲಿಲ್ಲ. ಭೂಕಂಪದ ವರ್ಷವನ್ನು ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪುಸ್ತಕದ ವಯಸ್ಸಿಗಿಂತ ಎರಡು ವರ್ಷ ಹೆಚ್ಚು ಬಂತು. ಇನ್ನೊಮ್ಮೆ ಹಾಕಿದೆ. ಎರಡು ಹೆಚ್ಚೇ. ಸಿಕ್ಕಿಬಿದ್ದರು ಅಂದುಕೊಂಡು ಕುಣಿಯುವಷ್ಟು ಖುಷಿಯಾಗಿ ಅಜ್ಜಿಯ ಕಿವಿಯಲ್ಲಿ ಉಸುರಿದೆ.

ಅಜ್ಜಿ ಸೀದಾ ಎದ್ದಳು. ಕೊಟ್ಟಿದ್ದ ಅವಲಕ್ಕಿ ಡಬ್ಬಿಯನ್ನೂ ಎತ್ತಿಕೊಂಡಳು.

"ಆಯುಷ್ಯದ ಮಾತಿನಾಗ ಸುಳ್ಳ ಹೇಳೋರ ಅರಿವಿ ತುಂಡು ನನ್ನ ಕೂಸಿಗೆ ಬ್ಯಾಡ. ನಡಿ."

ಮನೆಗೆ ಬಂದರೆ ತಂಗಿ ಆವತ್ತು ಹಾಲು ಕುಡಿಯಲೊಲ್ಲಳು. ಅಮ್ಮ ಅವಳ ಪುಟ್ಟ ಅಂಗಾಲುಗಳನ್ನು ಉಜ್ಜುತ್ತ ಕೂತಿದ್ದಳು. ಅಜ್ಜಿ ಅರ್ಧ ಹೊಲಿದ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಸುಮ್ಮನೆ ಅದನ್ನು ಸವರುತ್ತಿದ್ದಳು. ಕಣ್ಣಿನಿಂದ ನೀರು ಬರುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಕಳ್ಳನನ್ನು ಹಿಡಿದ ನನ್ನ ಖುಷಿ ಅಲ್ಲಿಗೇ ಇಳಿದುಹೋಯಿತು. ಕೌದಿ ಮುಗಿಯದಿದ್ದರೆ ತಂಗಿ ಉಳಿಯುವುದಿಲ್ಲ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಪ್ಪ ನನ್ನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಅಜ್ಜಿಯ ಎದುರಿಗೆ ನೆಲದ ಮೇಲೆ ಕೂತರು.

"ಅವ್ವಾ, ನನ್ನ ಸಾಲಿಗೆ ಹಚ್ಚುವಾಗ ಮಾಸ್ತರ ಮುಂದ ವಯಸ್ಸು ಎಷ್ಟಂತ ಹೇಳಿದ್ದಿ?"

ಅಜ್ಜಿ ಸೂಜಿ ಹುಡುಕತೊಡಗಿದಳು. ನನಗೆ ವಿಷಯ ಗೊತ್ತಾದದ್ದು ಆಗಲೇ. ಅಪ್ಪನ ತುಂಟಾಟ ತಡೆಯಲಾರದೆ ಅಜ್ಜಿ ಒಂದು ವರ್ಷ ಹೆಚ್ಚು ಹೇಳಿ ಶಾಲೆಗೆ ಸೇರಿಸಿದ್ದಳು. ಹಾಗಾಗಿ ಅಪ್ಪನಿಗೆ ಎರಡು ಹುಟ್ಟುಹಬ್ಬ: ಮನೆಯಲ್ಲಿ ಪಾಯಸ ಮಾಡುವುದು ಒಂದಕ್ಕೆ, ಆಫೀಸಿನಲ್ಲಿ ಕೈಕುಲುಕುವುದು ಇನ್ನೊಂದಕ್ಕೆ. ನಮ್ಮ ಮನೆಗೆ ಬರುತ್ತಿದ್ದ ಕನ್ನಡದವರಲ್ಲಿ ಅರ್ಧಕ್ಕರ್ಧ ಜನ ಕಾಗದದ ಪ್ರಕಾರ ಜೂನ್ ಒಂದರಂದೇ ಹುಟ್ಟಿದವರು. ಶಾಲೆ ಶುರುವಾಗುವ ದಿನಕ್ಕೆ ಮಾಸ್ತರರು ಹೊಂದಿಸಿ ಬರೆದದ್ದು.

ಅಜ್ಜಿ ಸೂಜಿ ಹುಡುಕುವುದನ್ನು ಬಿಟ್ಟು ತಲೆಯೆತ್ತಿದಳು. "ಹಂಗಾರ ಪುಸ್ತಕದಾಗಿಂದು ಮುತ್ಯಾಂದು ಸಾಲಿ ವಯಸ್ಸೇನು?" ಎಂದು ಕೇಳಿದಳು. ಕೇಳಿ ನೋಡೋಣ ಎಂದು ಅಪ್ಪ ಎದ್ದರು. ಈ ಸಲ ತಂಗಿಯನ್ನೆತ್ತಿಕೊಂಡು ಅಮ್ಮನೂ ಬಂದಳು. ಅವಲಕ್ಕಿ ಡಬ್ಬಿಯೂ ವಾಪಸು ಹೋಯಿತು.

ಅಪ್ಪ ಮೊದಲು ತಮ್ಮ ಎರಡು ಹುಟ್ಟುಹಬ್ಬದ ಕತೆ ಹೇಳಿದರು. ಮುತ್ಯಾ ನಕ್ಕರು. ಆಮೇಲೆ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ತಂಡಕ್ಕೆ ಹುಡುಗರನ್ನು ಆರಿಸುವವರು ವಯಸ್ಸು ಸ್ವಲ್ಪ ಹೆಚ್ಚಾಗಿದ್ದರೂ ವಾಪಸು ಕಳಿಸುತ್ತಿದ್ದರಂತೆ. ಅದಕ್ಕೇ ಎರಡು ವರ್ಷ ಇಳಿಸಿ ಹೇಳಿದ್ದು. ಪುಸ್ತಕದಲ್ಲಿ ಅದೇ ಅಚ್ಚಾಯಿತು.

ನನ್ನ ಅನುಮಾನ ಇನ್ನೂ ಹೋಗಿರಲಿಲ್ಲ. ನಿಜ ಹೇಳಿಬಿಟ್ಟರೆ ನೀವೇ ಮೊದಲನೆಯವರಾಗುತ್ತೀರಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮುತ್ಯಾ ನನ್ನನ್ನೇ ನೋಡುತ್ತ ನಿಧಾನವಾಗಿ ಉತ್ತರ ಕೊಟ್ಟರು.

"ಮೊದಲನೆಯವನು ವಾಲ್ನಟ್ ಕ್ರೀಕಿನಲ್ಲಿದ್ದಾನೆ, ನನ್ನ ಗೆಳೆಯ. ನಿಜ ನೋಡಿದರೆ ನನಗಿಂತ ಒಂದು ವರ್ಷ ಚಿಕ್ಕವನು. ಹೆಂಡತಿ ಹೋದಳು, ಕಣ್ಣು ಹೋಯಿತು. ಎಲ್ಲರಿಗಿಂತ ಹಿರಿಯ ಆಟಗಾರ ಅನ್ನಿಸಿಕೊಳ್ಳುವುದೊಂದು ಉಳಿದಿದೆ. ಅದನ್ನೂ ಕಿತ್ತುಕೊಳ್ಳಲಾ?"

ಪ್ರತಿ ಭಾನುವಾರದ ಫೋನು ಆ ಗೆಳೆಯರದೇ. ಅಪ್ಪ ಇದನ್ನೆಲ್ಲ ಅಜ್ಜಿಗೆ ವಿವರಿಸಿದರು. ಅಜ್ಜಿ ಅಮ್ಮನ ಕೈಯಿಂದ ತಂಗಿಯನ್ನು ತೆಗೆದುಕೊಂಡು ಮುತ್ಯಾನ ಮಡಿಲಲ್ಲಿಟ್ಟಳು.

"ಲೋಕಕ್ಕ ಬ್ಯಾಡ. ಕೂಸಿನ ಕಿವ್ಯಾಗ ಖರೇ ಹೇಳ್ರಿ, ಸಾಕು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮುತ್ಯಾ ಬಗ್ಗಿ, ತಂಗಿಯ ಕಿವಿಗೆ ಬಾಯಿಟ್ಟು, ತಮ್ಮ ನಿಜವಾದ ವಯಸ್ಸು ಹೇಳಿದರು. ಅವಳು ಅವರ ಸೊಟ್ಟ ಬೆರಳೊಂದನ್ನು ಹಿಡಿದುಕೊಂಡಳು. ಅವರು ಅಲುಗಾಡದೆ ಕೂತರು.

ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ಆಟದ ಅಂಗಿ ತಂದರು. ಬೂದು ಬಣ್ಣದ ದಪ್ಪ ಉಣ್ಣೆ, ನುಸಿಗುಳಿಗೆಯ ಘಾಟು. ತಾವು ಆಡಿದ್ದಕ್ಕೆ ಉಳಿದಿದ್ದ ಗುರುತು ಅದೊಂದೇ ಎಂದರು. ಅಜ್ಜಿ ಬೇಡ ಎನ್ನುವಂತೆ ಕೈಯಾಡಿಸಿದರೂ ಕೇಳಲಿಲ್ಲ. ಚಡ್ಡಿಯೊಳಗೆ ಸಿಕ್ಕಿಸಿಕೊಳ್ಳುವ ಕೆಳಗಿನ ಅಂಚಿನಿಂದ, ಯಾರಿಗೂ ಕಾಣದ ಕಡೆಯಿಂದ, ಅಂಗೈಯಗಲ ತಾವೇ ಕತ್ತರಿಸಿ ಕೊಟ್ಟರು. ಅಜ್ಜಿ ಸೆರಗೊಡ್ಡಿ ಅದನ್ನು ಇಸಿದುಕೊಂಡಳು. ಉಣ್ಣೆ ಕೂಸಿನ ಮೈಗೆ ಚುಚ್ಚಬಾರದೆಂದು ಅದನ್ನು ನಡುವಿನ ಪದರದಲ್ಲಿ ಇಟ್ಟು ಹೊಲಿದಳು.

ಆ ಚಳಿಗಾಲದಲ್ಲಿ ಭಾನುವಾರದ ಫೋನು ನಿಂತುಹೋಯಿತು. ಪುಸ್ತಕದ ಲೆಕ್ಕದಲ್ಲೂ ಮುತ್ಯಾ ಮೊದಲನೆಯವರಾದರು. ಪತ್ರಿಕೆಯವರು ಬಂದು ವಯಸ್ಸು ಕೇಳಿದರೆ ಪುಸ್ತಕದ್ದನ್ನೇ ಹೇಳಿದರು. ಬೇಲಿಯ ಈಚೆ ನಿಂತಿದ್ದ ಅಜ್ಜಿ, ಎಲ್ಲಿ ನಾನು ಬಾಯಿಬಿಡುತ್ತೇನೋ ಎಂದು ನನ್ನ ಕಡೆ ಕಣ್ಣು ಬಿಟ್ಟು ತುಟಿಯ ಮೇಲೆ ಬೆರಳಿಟ್ಟಳು.

ಈಗ ಆ ತೋಟಗಳಿಲ್ಲ. ಭಾನುವಾರ ಬರುವ ಒಂದು ಕರೆಗಾಗಿ ನೀವು ವಾರವೆಲ್ಲ ಕಾಯಬೇಕಾಗಿಲ್ಲ. ಯಾರ ವಯಸ್ಸು ಬೇಕಿದ್ದರೂ ಪ್ಲೇಗು, ಭೂಕಂಪ ಎಂದು ಸುತ್ತಿಬಳಸಿ ಕೇಳದೆ ಫೋನು ಒತ್ತಿ ತಿಳಿದುಕೊಳ್ಳುತ್ತೀರಿ, ಅದು ಹೇಳಿದ್ದನ್ನು ಹಾಗೇ ನಂಬುತ್ತೀರಿ. ನನ್ನನ್ನು ಮಾತ್ರ ನಂಬುವುದಿಲ್ಲ. ಮೊನ್ನೆ ಈ ಕತೆ ಹೇಳಿದಾಗ ಮೊಮ್ಮಗಳು ಹುಬ್ಬು ಗಂಟಿಕ್ಕಿ, "ನೇಮ್ ಹೇಳು ಅಜ್ಜ, ಸರ್ಚ್ ಮಾಡ್ತೀನಿ. ಇಲ್ಲಾಂದ್ರೆ ಐ ಡೋಂಟ್ ಬಿಲೀವ್ ಇಟ್" ಅಂದಳು. ಹೆಸರು ಹೇಳುವಂತಿಲ್ಲ ಅಂದೆ. ಕೌದಿ ತಂದು, ನಡುವೆ ಒತ್ತಿ ನೋಡು, ಅಲ್ಲಿ ದಪ್ಪ ಇದೆ ಅಂದೆ. ಒತ್ತಿ ನೋಡಿದಳು. ಬಿಚ್ಚಿ ನೋಡೋಣ ಎಂದು ಕತ್ತರಿ ತರಲು ಎದ್ದಳು.

ಮೆನ್ಲೋ ಪಾರ್ಕಿನ ಆಫೀಸು ಮುಗಿಸಿ ಆಗಷ್ಟೇ ಬಂದು ಕೂತಿದ್ದ ನನ್ನ ತಂಗಿ, ಐವತ್ತು ದಾಟಿದವಳು, ಕೌದಿಯನ್ನು ತನ್ನ ಕಡೆ ಎಳೆದುಕೊಂಡಳು. ಹಾಗಾದರೆ ಅವರು ನಿನ್ನ ಕಿವಿಯಲ್ಲಿ ಏನು ಹೇಳಿದರು ಎಂದು ಮೊಮ್ಮಗಳು ಅವಳನ್ನು ಹಿಡಿದುಕೊಂಡಳು.

"ನೆನಪಿಲ್ಲ ಕಣೇ," ಅಂದಳು ತಂಗಿ. "ಆದ್ರೆ ಉಳ್ಕೊಂಡೆ ನೋಡು."

ಮೊಮ್ಮಗಳು ಕತ್ತರಿ ತರಲು ಹೋಗಲಿಲ್ಲ. ಹುಬ್ಬನ್ನು ಮಾತ್ರ ಇಳಿಸಲಿಲ್ಲ.