ಕೊನೆಯ ಹಾಳೆಯನ್ನು ಮೊದಲು ಬರೆದವರು

ಅಕ್ಕನ ಬಲಗೈ ಹೆಬ್ಬೆರಳಿಗೆ ಸದಾ ಒಂದು ಕಿತ್ತಳೆ ಬಣ್ಣದ ರಬ್ಬರ್ ಟೋಪಿ ಇರುತ್ತಿತ್ತು. ಹಾಳೆ ಎಣಿಸಲೆಂದು ಹಾಕಿಕೊಂಡಿದ್ದು. ಚಹಾ ಕುಡಿಯುವಾಗಲೂ ತೆಗೆಯುತ್ತಿರಲಿಲ್ಲ, ಗಿರಾಕಿಗಳ ಜೊತೆ ಜಗಳವಾಡುವಾಗಲೂ ತೆಗೆಯುತ್ತಿರಲಿಲ್ಲ. ವಿದ್ಯಾನಗರದ ನಮ್ಮ ಹಾಸ್ಟೆಲ್ಲಿನ ಎದುರಿಗೇ ಅವರ ಜೆರಾಕ್ಸ್ ಅಂಗಡಿ. ದಿನಾ ಹರಿಹರದಿಂದ ಬಸ್ಸಿಗೆ ಬಂದು ಬಾಗಿಲು ತೆಗೆಯುತ್ತಿದ್ದರು. ಎಲ್ಲರಿಗೂ ಅವರು ಜೆರಾಕ್ಸ್ ಅಕ್ಕ.

ಕಾಪಿಗೆ ಕೊಟ್ಟಿದ್ದನ್ನೆಲ್ಲ ಓದುವ ಕೆಟ್ಟ ಚಟ ಅವರಿಗಿತ್ತು. ಯಾರ ಅರ್ಜಿಯಲ್ಲಿ ಏನಿದೆ, ಯಾರು ಯಾವುದರಲ್ಲಿ ಫೇಲು, ಎಲ್ಲ ಬಾಯಿಪಾಠ. "ಲೆಕ್ಕದಾಗ ಹಿಂಗ್ಯಾಕ ಆತವ್ವಾ?" ಎಂದು ನನ್ನನ್ನು ಐದು ಜನರ ಎದುರಿಗೆ ಕೇಳಿದ್ದರು. ನಮ್ಮ ಹಳ್ಳಿ ಭಾನುವಳ್ಳಿಯಿಂದ ಆಗಷ್ಟೇ ಬಂದಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ನಾನು ಮೊದಲೇ ಬಾಯಿ ಸತ್ತವಳು. ಮನೆಯಲ್ಲಿ ಕಾಲೇಜಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ಬೇರೆಯವರೇ ತೀರ್ಮಾನಿಸುತ್ತಿದ್ದರು, ನಾನು "ಹೂಂ" ಅನ್ನುತ್ತಿದ್ದೆ.

ಆ ಓದುವ ಚಟವೇ ಅವರನ್ನು ಆಟಕ್ಕೆ ತಂದಿತು. ದಪ್ಪ ಕನ್ನಡಕದ ಒಬ್ಬ ಇಂಜಿನಿಯರಿಂಗ್ ಹುಡುಗ ಯಾವುದೋ ಆಟದ ನಿಯಮಗಳ ದೊಡ್ಡ ಕಂತೆಯನ್ನು ಕಾಪಿಗೆ ಕೊಟ್ಟಿದ್ದ. ಆಟವೇನೋ ಸರಳ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ನಾನು ಹೀಗೆ ಮಾಡುತ್ತೇನೆ ಎಂದು ಹೇಳುತ್ತಾ ಹೋಗುತ್ತಾರೆ. ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಅಕ್ಕ ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಅವನ ಕೈಗೆ ಕಂತೆ ಕೊಡುತ್ತಾ, "ಕಥಿ ನಾ ಹೇಳ್ತೀನಿ. ಇನ್ನೂ ಮೂರು ಮಂದಿ ಕರ್ಕೊಂಬಾ" ಎಂದರಂತೆ. ಹಾಗೆ ಬಂದವರು ಅವನ ಗೆಳೆಯ, ನನ್ನ ರೂಮ್‌ಮೇಟು, ಅವಳ ಹಿಂದೆ ನಾನು. ಇಪ್ಪತ್ತು ಮುಖದ ದಾಳ ಎಲ್ಲಿಂದ ತರುವುದು? ಅಕ್ಕ ಹಾಳೆ ಕತ್ತರಿಸಿ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಉಪ್ಪಿನಕಾಯಿ ಡಬ್ಬಿಗೆ ಹಾಕಿದರು. ದೊಡ್ಡ ಸಂಖ್ಯೆ ಬಂದರೆ ಗೆದ್ದಂತೆ. ಚೀಟಿಗಳೆಲ್ಲ ಕೊನೆಯವರೆಗೂ ಮೆಂತ್ಯದ ವಾಸನೆ ಹೊಡೆಯುತ್ತಿದ್ದವು.

ಭಾನುವಾರ ಮಧ್ಯಾಹ್ನ, ಅರ್ಧ ಇಳಿಸಿದ ಶಟರಿನ ಒಳಗೆ ಆಟ. ಹೊಳೆ ದಂಡೆಯ ಒಂದು ಕೋಟೆ, ಅದರ ಮೇಲೆ ದಂಡೆತ್ತಿ ಬರುವ ವೈರಿ, ಒಳಹೊಕ್ಕು ಅದನ್ನು ಉಳಿಸಬೇಕಾದವರು ನಾವು. ನನ್ನದು ಹರಿಗೋಲು ನಡೆಸುವ ಹೆಂಗಸಿನ ಪಾತ್ರ. ಅಕ್ಕ ಕಥೆಯನ್ನು ಪುಟಪುಟವಾಗಿ ಬರೆದು ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡೇ ಬಂದಿದ್ದರು. ಕೊನೆಯ ಹಾಳೆಯೊಂದನ್ನು ಮಾತ್ರ ಬೈಂಡ್ ಮಾಡದೆ ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಿದ್ದರು. "ಇದನ್ನ ಮೊದ್ಲು ಬರ್ದಿದ್ದು. ಇದನ್ನ ಓದ್ಬೇಕು ಅಂತನೇ ಉಳಿದಿದ್ದೆಲ್ಲ ಬರ್ದಿದ್ದು" ಎಂದು ನಾಚಿಕೊಂಡು ಹೇಳಿದ್ದರು. ಅಕ್ಕ ನಾಚಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾವು ಬೇಗನೇ ಅವರ ಗುಟ್ಟು ಹಿಡಿದೆವು. ನಾವು ಹೇಳಿದ್ದು ಅವರು ಬರೆದದ್ದಕ್ಕೆ ಹೊಂದಿದರೆ ಹೆಬ್ಬೆರಳು ಮುಂದಿನ ಹಾಳೆಯ ಅಂಚಿಗೆ ಹೋಗುತ್ತಿತ್ತು. ಬೆರಳು ನೋಡಿಕೊಂಡೇ ಆಡುವುದನ್ನು ಕಲಿತೆವು. ತಪ್ಪು ದಾರಿ ಹಿಡಿದರೆ ಸೇತುವೆ ಕುಸಿಯುತ್ತಿತ್ತು, ಗುಡ್ಡ ಜರಿಯುತ್ತಿತ್ತು. ಒಮ್ಮೆ ಒಂದು ಹೋರಿ ದಾರಿಗೆ ಅಡ್ಡ ಮಲಗಿ ಏಳಲೇ ಇಲ್ಲ.

ಒಂದು ಭಾನುವಾರ, ನಮ್ಮನ್ನು ಒಳಗೆ ಬಿಡದ ಕೋಟೆಯ ಮುದಿ ಕಾವಲುಗಾರನನ್ನು ಕೊಂದು ಬೀಗದಕೈ ಕಿತ್ತುಕೊಳ್ಳಬೇಕಿತ್ತು. ಅದ್ಯಾಕೋ ನನಗೆ ಮನಸ್ಸು ಬರಲಿಲ್ಲ. "ನಾನು ಅವನ ಜೊತೆ ಕೂತು ರೊಟ್ಟಿ ತಿಂತೀನಿ. ಮಗಳು ಹೆಂಗದಾಳೆ ಅಂತ ಕೇಳ್ತೀನಿ" ಎಂದೆ.

"ಅವ್ನಿಗೆ ಮಗಳಿಲ್ಲ."

"ಯಾಕಿಲ್ಲ?"

"ಬರ್ದಿಲ್ಲ."

"ಬರ್ಕೊಳ್ರಿ ಹಂಗಾದ್ರೆ."

"ಅವ್ನಿಗೆ ಕಿವಿ ಕೇಳಲ್ಲ ಬಿಡು" ಎಂದರು ಅಕ್ಕ. ಹಿಂದಿನ ವಾರವಷ್ಟೇ ಅದೇ ಕಾವಲುಗಾರ ನಮ್ಮ ಪಿಸುಮಾತು ಕೇಳಿಸಿಕೊಂಡು ಕೂಗೆಬ್ಬಿಸಿದ್ದ! ನನ್ನ ಕೈಲಿದ್ದ ಚೀಟಿಯನ್ನು ಡಬ್ಬಿಗೆ ಹಾಕಿ, "ನೀವೇ ಆಡ್ರಿ ಅಕ್ಕ, ನಾವು ನೋಡ್ತೀವಿ" ಎಂದು ಎದ್ದು ಬಂದೆ. ದೊಡ್ಡವರೊಬ್ಬರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಮುಂದಿನ ವಾರ ಹೋಗಲಿಲ್ಲ. ನೋಟ್ಸನ್ನು ದೂರದ ಬೇರೊಂದು ಅಂಗಡಿಯಲ್ಲಿ ಕಾಪಿ ಮಾಡಿಸಿಕೊಂಡು, ಕಳ್ಳಿಯ ಹಾಗೆ ಚೀಲದಲ್ಲಿಟ್ಟು ಬರುತ್ತಿದ್ದಾಗ ಅಕ್ಕ ರಸ್ತೆಯಾಚೆಯಿಂದಲೇ ಕೂಗಿದರು: "ಏನವ್ವಾ, ಎಲ್ಲಿ ಮಾಡಿಸ್ದಿ? ತಾ ಇಲ್ಲಿ." ನೋಟ್ಸು ಕಿತ್ತುಕೊಂಡು ನೋಡಿ, "ಅಕ್ಷರ ಕಾಣಂಗೇ ಇಲ್ಲ ನೋಡು. ಓದ್ಲಿಕ್ಕೆ ಮಾಡಿಸ್ದ್ಯೋ, ಪೊಟ್ಣ ಕಟ್ಲಿಕ್ಕೋ?" ಎಂದರು. ಆಮೇಲೆ ಕೌಂಟರಿನ ಕೆಳಗಿನಿಂದ ಕಥೆಯನ್ನು ತೆಗೆದರು. ಸ್ಪೈರಲ್ ಬಿಚ್ಚಿತ್ತು. ಅಂಚಿನಲ್ಲಿ ಸಾಲು ತೂತುಗಳಿದ್ದ ಬಿಡಿ ಹಾಳೆಗಳು. ಮೇಲಿನ ಖಾಲಿ ಹಾಳೆಯ ತಲೆಗೆ ಬರೆದಿತ್ತು: 'ಕಾವಲುಗಾರನ ಮಗಳು'.

"ಆಕಿ ಹೆಸ್ರು ನೀನು ಹೇಳ್ಬೇಕು. ನಂಗೊತ್ತಿಲ್ಲ" ಎಂದರು.

ಆಮೇಲೆ ಒಂದಷ್ಟು ದಿನ ಆಟ ಹಳ್ಳ ಹಿಡಿಯಿತು ಎಂದೇ ಹೇಳಬೇಕು. ಸದರ ಸಿಕ್ಕಿದ್ದೇ ತಡ, ದಪ್ಪ ಕನ್ನಡಕದವನು ಕೋಟೆಯೊಳಗೆ ಮಿರ್ಚಿ ಅಂಗಡಿ ಇಟ್ಟು ಮೂರು ಭಾನುವಾರ ಬರೀ ವ್ಯಾಪಾರ ಮಾಡಿದ. ನನ್ನ ರೂಮ್‌ಮೇಟು ಕುದುರೆ ಕೊಳ್ಳಲು ಹೋದವಳು ಬರಲೇ ಇಲ್ಲ. ಅಕ್ಕ ತಾಳ್ಮೆಯಿಂದ ಎಲ್ಲ ಕೇಳಿ, ಮೆಲ್ಲಗೆ ಹೇಳಿದರು: "ಮಿರ್ಚಿ ಕರೀರಿ, ಬ್ಯಾಡ ಅನ್ನಲ್ಲ. ದಂಡು ಮಾತ್ರ ಏಳನೇ ದಿನಕ್ಕೆ ಬರ್ತೈತೆ. ಏನು ಬರ್ತೈತೆ ಅನ್ನೋದು ನಂದು. ಬಂದಾಗ ಏನ್ ಮಾಡ್ತೀರಿ ಅನ್ನೋದು ನಿಮ್ದು." ಕನ್ನಡಕದವನು ಒಲೆ ಆರಿಸಿದ. ಅಲ್ಲಿಂದಾಚೆಗಿನ ಭಾನುವಾರಗಳಷ್ಟು ಖುಷಿಯನ್ನು ನಾನು ಆ ಊರಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಕೊನೆಗೂ ಕಥೆಯಲ್ಲಿ ಏಳನೇ ದಿನ ಬಂತು. ಆ ಭಾನುವಾರ ಅಕ್ಕ ತಲೆಗೆ ಸ್ನಾನ ಮಾಡಿ, ಮದುವೆಗೆ ಉಡುವಂಥ ಸೀರೆ ಉಟ್ಟು ಬಂದಿದ್ದರು. ಮಂಡಕ್ಕಿ, ಮಿರ್ಚಿ ತಂದಿದ್ದರು. ಮಡಚಿದ ಆ ಹಾಳೆ ಪರ್ಸಿನಿಂದ ಹೊರಗೆ ಬಂದು ಅವರ ತೊಡೆಯ ಮೇಲಿತ್ತು. ಕೋಟೆಯ ಮೇಲೆ ನಿಂತು ನಾವು ಕಾದಾಡಿದರೆ ಸಾಕಿತ್ತು. ಗೆದ್ದರೂ ಸೋತರೂ ಅವರು ಅದನ್ನು ಓದಬಹುದಿತ್ತು.

ನಾನು ಹೇಳಿದೆ: "ಕಾದಾಡಲ್ಲ ಅಕ್ಕಾ. ಊರಿನವರನ್ನೆಲ್ಲ ಹರಿಗೋಲಲ್ಲಿ ಹೊಳಿ ದಾಟಿಸ್ತೀನಿ. ಕೋಟಿ ಖಾಲಿ ಬಿಡ್ತೀವಿ."

ಉಳಿದ ಮೂವರೂ ಹೂಂಗುಟ್ಟಿದರು. ಅಕ್ಕ ಹಾಳೆಯ ಮೇಲೆ ಅಂಗೈ ಇಟ್ಟರು. "ಹೊಳಿ ತುಂಬಿ..." ಎಂದು ಶುರು ಮಾಡಿದರು. ಆ ಮಾತನ್ನು ಪೂರ್ತಿ ಹೇಳಿದ್ದರೆ ಸಾಕಿತ್ತು. ಹೊಳೆ ತುಂಬಿದೆ, ದಾಟಲಾಗದು, ತಿರುಗಿ ಕೋಟೆಗೆ ಹೋಗಿ ಎಂದಿದ್ದರೆ ನಾವು ತಕರಾರಿಲ್ಲದೆ ಹೋಗುತ್ತಿದ್ದೆವು. ಅವರ ಆಸೆ ನಮಗೆಲ್ಲ ಗೊತ್ತಿತ್ತಲ್ಲ. ಅಕ್ಕ ನನ್ನ ಮುಖ ನೋಡಿದರು. ಮಾತು ಅಲ್ಲಿಗೇ ನಿಲ್ಲಿಸಿ, "ಚೀಟಿ ತಗಿ. ಹತ್ತರ ಮ್ಯಾಲೆ ಬಂದ್ರೆ ದಾಟಿದ್ರಿ" ಎಂದು ಡಬ್ಬಿ ಮುಂದೆ ಮಾಡಿದರು.

ಹದಿನೇಳು ಬಂತು.

ಅಕ್ಕ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ದಾಟಿದ್ರಿ" ಎಂದರು. ಹಾಳೆಯನ್ನು ಪರ್ಸಿಗೆ ಹಾಕಿ ಜಿಪ್ ಎಳೆದರು. ಆಮೇಲೆ, ಯಾರ ಕಡೆಗೂ ನೋಡದೆ, ಎಲ್ಲರಿಗೂ ಮಂಡಕ್ಕಿ ಹಂಚಿದರು.

ಕಾಲೇಜು ಮುಗಿದು ನಾನು ಅದೇ ಊರಿನ ಕೆ.ಬಿ. ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಹೋದ ವರ್ಷ ಅಕ್ಕನಿಗೆ ಕಿಡ್ನಿ ತೊಂದರೆ ಎಂದು ಗೊತ್ತಾಗಿ ಹರಿಹರಕ್ಕೆ ಹೋದೆ. ಹಾಸಿಗೆಗೆ ಅಂಟಿಕೊಂಡಿದ್ದರು. ಅದೂ ಇದೂ ಮಾತಾಡಿ, ತಡೆಯಲಾರದೆ, "ಆ ಹಾಳ್ಯಾಗ ಏನಿತ್ತಕ್ಕಾ? ಈಗಾದ್ರೂ ಹೇಳ್ರಿ" ಎಂದೆ.

"ಅದು ಆಗ್ಲಿಲ್ಲಲ್ಲವ್ವಾ" ಎಂದರು ಅಕ್ಕ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ. "ಆಗದೇ ಇದ್ದಿದ್ದನ್ನ ಹೆಂಗ್ ಹೇಳ್ಲಿ? ನೀವು ಹೊಳಿ ದಾಟಿದ್ರಿ. ಅದೇ ಕಥಿ."

ಹತ್ತು ದಿನಕ್ಕೆ ಹೋಗಿಬಿಟ್ಟರು. ಸುದ್ದಿ ಬಂದಾಗ ಆಫೀಸಿನಲ್ಲಿ ಎಲ್ಲರೆದುರೂ ಅತ್ತೆ. ಆ ಹಾಳೆ ಎಲ್ಲಿದೆ ಎಂದು ನಾನು ಯಾರನ್ನೂ ಕೇಳಿಲ್ಲ, ಸಿಕ್ಕರೂ ಓದುವುದಿಲ್ಲ. ಹೊಳೆ ದಾಟಿದ ಆ ಭಾನುವಾರದವರೆಗೆ ನನ್ನ ಮಾತಿಗಾಗಿ ಯಾರೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಅಕ್ಕ ಬಿಟ್ಟುಕೊಟ್ಟಿದ್ದು ತಾವು ಬರೆದಿದ್ದರಲ್ಲೆಲ್ಲ ತಮಗೆ ಅತಿ ಇಷ್ಟವಾದದ್ದನ್ನು.