ಆಯಿ ಹಚ್ಚಿದ ಎಲೆಗಳು

ಆಗೆಲ್ಲ ನಮ್ಮ ಹಾನಗಲ್ಲ ಕಡೆ ಒಂದು ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂಬುದು ಪಡಸಾಲೆಯ ವಾಸನೆಯಿಂದಲೇ ತಿಳಿಯುತ್ತಿತ್ತು. ನೆರಳಲ್ಲಿ ಒಣಗುವ ಮುತ್ತಲ ಎಲೆಯ ಒಗರು ವಾಸನೆ ಅದು.

ಅಕ್ಕನ ಮದುವೆ ನಿಶ್ಚಯವಾದ ಬೇಸಿಗೆಯಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ದಿನವಿಡೀ ಕಂಬಕ್ಕೆ ಒರಗಿ ಕುಳಿತು ಎಲೆ ಹಚ್ಚುತ್ತಿದ್ದಳು. ಎಲೆಗೆ ಎಲೆ ಸೇರಿಸಿ ಬಿದಿರು ಕಡ್ಡಿ ಚುಚ್ಚಿದರೆ ಊಟದ ಪತ್ರೋಳಿ ಸಿದ್ಧ. ನಾನು ಎಲೆ ಕದ್ದು ಟೋಪಿ ಮಾಡಿಕೊಂಡು ಕುಣಿದರೆ ಬೈಯುತ್ತಿದ್ದಳು. ಬೈಗುಳ ಮುಗಿದ ಮೇಲೆ ಬಾಯಿಗೊಂದು ಚೂರು ಬೆಲ್ಲ ಬೀಳುತ್ತಿತ್ತು. ಅವಳ ಹತ್ತಿರ ಗುಂಜಿ ಬಂಗಾರವೂ ಇರಲಿಲ್ಲ. ಮೊಮ್ಮಗಳ ಮದುವೆಗೆ ಅವಳು ಕೊಡಬಹುದಾದದ್ದು ಆ ಎಲೆಗಳನ್ನಷ್ಟೇ.

ಮದುವೆ ಹತ್ತಿರ ಬಂದಾಗ ಸವಣೂರಿನಿಂದ ಬೀಗರು, ಅಕ್ಕನ ಮಾವನಾಗುವವರು, ಬಂದರು. ಮೂಲೆಯಲ್ಲಿ ಪೇರಿಸಿದ್ದ ಎಲೆಯ ಕಟ್ಟುಗಳನ್ನು ಕಂಡು ಅವರ ಮುಖ ಸಣ್ಣದಾಯಿತು. ಶಿಗ್ಗಾವಿಯ ಸಾಹುಕಾರರ ಮನೆಯ ಮದುವೆಯಲ್ಲಿ ಎಲ್ಲರೂ ಬಿಳಿ ಥರ್ಮಾಕೋಲ್ ತಾಟು ಹಿಡಿದು ನಿಂತೇ ಉಂಡದ್ದನ್ನು ಬಣ್ಣಿಸಿದರು. ಆಮೇಲೆ ಅಪ್ಪನಿಗೆ ಮೆಲ್ಲಗೆ ಹೇಳಿದರು:

"ಎಲ್ಯಾಗ ಉಣ್ಣೋದು ಬಡವರ ಮನಿ ಪದ್ಧತಿ ಆತ್ರಿ. ನಮ್ಮ ಮಂದಿ ಮುಂದ ನಮ್ಮ ಮರ್ಯಾದಿ ಕಳೀಬ್ಯಾಡ್ರಿ."

ಅಪ್ಪ ಹೂಂ ಅಂದ. ಹೆಣ್ಣು ಹೆತ್ತವರು ಬೇರೇನು ಅಂದಾರು? ಬೀಗರೇನೂ ಸಿರಿವಂತರಲ್ಲ, ತುಂಡು ವೀಳ್ಯದೆಲೆ ತೋಟ ನಂಬಿ ಬದುಕುವವರು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ ಅವರಿಗೂ ಸಾಹುಕಾರರ ತಾಟೇ ಬೇಕಾಗಿತ್ತು.

ಆಯಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಜಗಳ ಮಾಡಲಿಲ್ಲ. ಮದುವೆಯ ದಿನ ನಸುಕಿನಲ್ಲಿ ನಾನು ಎದ್ದಾಗ ಬಚ್ಚಲ ಒಲೆಯ ಮುಂದೆ ಕುಳಿತು, ಕಟ್ಟು ಬಿಚ್ಚಿ, ಒಂದೊಂದೇ ಪತ್ರೋಳಿಯನ್ನು ಉರಿಗೆ ಹಾಕುತ್ತಿದ್ದಳು. ಮೇಲೆ ಹಂಡೆಯಲ್ಲಿ ಅಕ್ಕನ ಜಳಕಕ್ಕೆ ನೀರು ಕಾಯುತ್ತಿತ್ತು. ನಾನು ಅಳುತ್ತ ಅವಳ ಕೈ ಹಿಡಿದುಕೊಂಡೆ.

"ಲಗ್ನಕ್ಕಂತ ಹಚ್ಚಿದ್ದು. ಲಗ್ನಕ್ಕ ಬಂದ್ವು, ಬಿಡವಾ," ಅಂದಳು.

ಆ ಮಧ್ಯಾಹ್ನ ಬಿಸಿ ಸಾರಿಗೆ ತಾಟುಗಳು ಬಗ್ಗಿ ರೇಷ್ಮೆ ಸೀರೆಗಳ ಮೇಲೆಲ್ಲ ಸಾರು ಚೆಲ್ಲಿತು. ಆದರೂ ಊಟ ದೊಡ್ಡವರ ಮನೆಯ ಹಾಗೆ ಆಯಿತೆಂದು ಊರೇ ಹೊಗಳಿತು. ಆಯಿ ಅಂದು ಉಣ್ಣಲಿಲ್ಲ. ಮುಂದೆ ಬದುಕಿರುವವರೆಗೆ ಎಲೆಯನ್ನೂ ಮುಟ್ಟಲಿಲ್ಲ.

ಹೋದ ವರ್ಷ ಅಕ್ಕನ ಮಗನ ಮದುವೆ ಸವಣೂರಿನಲ್ಲೇ ಆಯಿತು. ಚಾಪೆ ಹಾಸಿ ಎಲ್ಲರನ್ನೂ ಕೆಳಗೆ ಕೂರಿಸಿದ್ದರು. ಮುಂದೆ ಮುತ್ತಲ ಎಲೆ! ಎಲ್ಲಿಂದಲೋ ಪೊಟ್ಟಣಗಳಲ್ಲಿ ತರಿಸಿದ್ದು, ಯಂತ್ರದಲ್ಲಿ ಒತ್ತಿದ್ದು. ಮುದುಕರಾಗಿರುವ ಅದೇ ಬೀಗರು ಪಂಕ್ತಿಯ ನಡುವೆ ಕೋಲೂರಿ ಓಡಾಡುತ್ತ, ಈಗ ದೊಡ್ಡ ದೊಡ್ಡ ಮಂದಿಯೆಲ್ಲ ಎಲೆಯಲ್ಲೇ ಉಣ್ಣುತ್ತಾರೆ, ಶಿಗ್ಗಾವಿ ಸಾಹುಕಾರರ ಮನೆಯಲ್ಲೂ ಇದೇ, ಎಂದು ಹೇಳಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಸಾಹುಕಾರರು ಉಂಡರೆ ಸೊಗಸು, ಆಯಿ ಹಚ್ಚಿದರೆ ಬಡತನ. ಇದರಲ್ಲಿ ದುಡ್ಡಿನ ಮಾತು ಎಲ್ಲಿದೆಯೋ ನಾನು ಕಾಣೆ. ಎಲೆಯಂತೂ ಆಗಲೂ ಅದೇ, ಈಗಲೂ ಅದೇ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಹಚ್ಚಲು ಬಲ್ಲವರು ಒಬ್ಬರೂ ಉಳಿದಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಅಕ್ಕ ಎಲೆಯ ಅಂಚನ್ನು ಎತ್ತಿ ಮೂಸಿದಳು. ಆಯಿ ಎಲೆ ಸುಟ್ಟದ್ದನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

"ನನ್ನ ಲಗ್ನದ ಜಳಕದ ನೀರಿಗೆ ಇದರ ಹೊಗಿ ವಾಸನಿ ಇತ್ತು," ಅಂದಳು. "ಯಾಕ ಅಂತ ಆಯಿನ್ನ ಕೇಳಲೇ ಇಲ್ಲ ನಾ."

ಬಡಿಸುವವನು ಹೋಳಿಗೆ ತಂದ. ಅಕ್ಕ ಎರಡೂ ಕೈಗಳಿಂದ ಎಲೆಯನ್ನು ಮುಚ್ಚಿದಳು.