ಹಾರ್ನ್ ಇಲ್ಲದ ಬಶೀರಾಬಾದ್ ಬಸ್ಸು

ಗೆಳೆಯರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ವೀರಣ್ಣ ಕಾಕಾ ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಪಾಲಿಶ್ ಮಾಡಿಸುವವರು. ನನ್ನ ತಂಗಿ ಶ್ರುತಿ, ಬಸ್ ಓಡಿಸುವ ಒಂದು ಗೇಮಿಗೆ ನಮ್ಮ ಬಶೀರಾಬಾದ್ ಬಸ್ಸನ್ನು ಕಂಪ್ಯೂಟರಿನಲ್ಲಿ ತಾನೇ ತಯಾರಿಸಿ, ಐವತ್ತು ರೂಪಾಯಿಗೆ ಮಾರುತ್ತಿದ್ದಳು. ಇಂಜಿನ್, ಹಾರ್ನಿನ ಸದ್ದು ಹಿಡಿಯಲು ನಾಲ್ಕು ತಿಂಗಳು ಅದೇ ಬಸ್ಸಿನಲ್ಲಿ ಓಡಾಡಿದ್ದಳು.

"ನನ್ನ ದೋಸ್ತ ಒಬ್ಬಾಂವ ನಿನ್ನ ಬಸ್ ಫುಕಟ್ ಕಳಿಸ್ಯಾನವಾ. ಹಾರ್ನ್ ಬಡಿವಲ್ದು. ಜರಾ ರಿಪೇರಿ ಮಾಡಿ ಕೊಡು."

"ಕದ್ದ ಕಾಪಿಯಾಗ ಹಾರ್ನ್ ಬಡಿಯಂಗಿಲ್ರಿ. ರೊಕ್ಕ ಕೊಟ್ಟು ತಗೊಂಡ್ರ ಬಡಿತದ್ರಿ, ಕಾಕಾ," ಎಂದಳು ಶ್ರುತಿ.

"ಗೇಮ್ ಯಾರೋ ಮಾಡ್ಯಾರ. ಅದರಾಗ ಬಸ್ ಕೂಡಿಸಿದ್ದಕ್ಕ ರೊಕ್ಕ ಯಾಕ?"

"ಕಲ್ಲೂ ನೀವು ಮಾಡಿದ್ದಲ್ಲ. ಪಾಲಿಶಿಗೆ ಫೂಟಿಗೆ ಇಷ್ಟಂತ ರೊಕ್ಕ ತಗೋತೀರಲ್ರಿ?"

"ಕಲ್ಲಿನ ಮ್ಯಾಲ ಮಂದಿ ನಡಿತಾರ. ಇದು ಬರೇ ಆಟ."

ಚಹಾ ಕುಡಿದು ಹೋದರು.

ಮಧ್ಯಾಹ್ನ ಶ್ರುತಿ ಆ ಬಸ್ಸನ್ನು ಮಾರಾಟದಿಂದ ತೆಗೆದಳು. ಮುಂದೆ ಬರುತ್ತದೆಂದು ಎಲ್ಲರಿಗೂ ಹೇಳಿದ್ದ, ಅರ್ಧ ಮುಗಿದಿದ್ದ ಜಹೀರಾಬಾದ್ ಬಸ್ಸನ್ನೂ ಅಳಿಸಿ ಹಾಕಿದಳು. ನಾನು ತಡೆಯಲಿಲ್ಲ. ಈಗ ಬಶೀರಾಬಾದ್ ಬಸ್ಸು ಕದ್ದ ಪ್ರತಿಗಳಲ್ಲಿ ಮಾತ್ರ, ಹಾರ್ನ್ ಇಲ್ಲದೆ ಓಡುತ್ತಿದೆ.

ಸಂಜೆ ಕಾಕಾ ಕಾಂಪೌಂಡಿನಾಚೆಯಿಂದ ಕೂಗಿದರು: "ಜಹೀರಾಬಾದ್ ಬಸ್ ಯಾವಾಗ ಬಿಡ್ತೀಯವಾ? ಈ ಸಲ ಹಾರ್ನ್ ಪಕ್ಕಾ ಹಾಕು."

ಶ್ರುತಿಯ ಕೆಲಸಕ್ಕೆ ಊರಲ್ಲಿ ಬೆಲೆ ಇಲ್ಲ ಎನ್ನುವಂತಿಲ್ಲ, ಕಾಯುವವರಿದ್ದಾರೆ.